ಹೊಸ ಲಿವರಿಗೆ ಮರಳುವ ಹಳೆಯ ವೈರಸ್

ಹೆಪಟೈಟಿಸ್ ಸಿ ವೈರಸ್ಸಿನಿಂದ ಲಿವರ್ ಕೆಟ್ಟವರಿಗೆ ಬೇರೊಂದು ಲಿವರನ್ನು ಕಸಿ ಮಾಡಿದರೂ ರೋಗ ಬಿಟ್ಟುಹೋಗುತ್ತಿರಲಿಲ್ಲ. ಕೆಟ್ಟ ಅಂಗವನ್ನು ತೆಗೆದ ಮೇಲೂ ರಕ್ತದಲ್ಲಿ ಉಳಿದ ವೈರಸ್ ಹೊಸ ಅಂಗವನ್ನು ಹಿಡಿಯುತ್ತಿತ್ತು. ಮೊದಲ ಲಿವರ್ ಹಾಳಾಗಲು ಇಪ್ಪತ್ತು ಮೂವತ್ತು ವರ್ಷ ಬೇಕಾಗಿದ್ದರೆ, ಎರಡನೆಯದು ಎಷ್ಟೋ ಜನರಲ್ಲಿ ಐದೇ ವರ್ಷಕ್ಕೆ ಅದೇ ಸ್ಥಿತಿಗೆ ಬರುತ್ತಿತ್ತು. ವೈರಸ್ ಪತ್ತೆಯಾದ 1989ರಿಂದ ಪರಿಣಾಮಕಾರಿ ಮಾತ್ರೆಗಳು ಬಂದ 2014ರ ಆಸುಪಾಸಿನವರೆಗೆ, ಕಾಲು ಶತಮಾನ, ಕಸಿ ವೈದ್ಯರನ್ನು ಕಾಡಿದ ಪ್ರಶ್ನೆ ಒಂದೇ: ವೈರಸ್ ಎಲ್ಲರಲ್ಲೂ ಮರಳುತ್ತದೆ ಸರಿ, ಆದರೆ ಒಬ್ಬರು ಅದರೊಂದಿಗೇ ಹತ್ತು ಹದಿನೈದು ವರ್ಷ ಬಾಳುವಾಗ ಇನ್ನೊಬ್ಬರ ಹೊಸ ಲಿವರ್ ಎರಡು ವರ್ಷಕ್ಕೇ ಸೋಲುವುದು ಏಕೆ?

ತೆಲಂಗಾಣದ ಕನ್ನಡ ಸೀಮೆಯಾದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕಡೆಯಿಂದ ಈ ಚರಿತ್ರೆಯನ್ನು ನೋಡುವುದಕ್ಕೆ ಕಾರಣವಿದೆ. ವೈರಸ್ ಹರಡಿದ ದಾರಿಗಳು ಇಂಥ ಊರುಗಳ ದೈನಂದಿನ ವೈದ್ಯದ ದಾರಿಗಳೇ. ಇಲ್ಲಿನವರಿಗೆ ಕಸಿ ಎಂದರೆ ಹೈದರಾಬಾದ್. ವೈರಸ್ಸನ್ನು ಕೊನೆಗೂ ಮಣಿಸಿದ ಮಾತ್ರೆಗಳನ್ನು ಬಡವರ ಕೈಗೆಟುಕುವ ಬೆಲೆಗೆ ತಂದ ಕಂಪನಿಗಳಲ್ಲಿ ಕೆಲವು ಅದೇ ಹೈದರಾಬಾದಿನವು.

ಮೂರೂ ಊರುಗಳು 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಾರಾಯಣಪೇಟೆ ಮತ್ತು ಮಕ್ತಲ್ ಮಹಬೂಬ್‌ನಗರ ಜಿಲ್ಲೆಗೆ ಸೇರಿದ್ದರೆ, ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಗದ್ವಾಲ, ಆಲಂಪುರಗಳು ಮಹಬೂಬ್‌ನಗರದ ಪಾಲಾದವು. ಮುಂದೆ 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಭೀಮೆ ಬಂದು ಕೂಡುವಲ್ಲಿ ಕೃಷ್ಣೆ ತೆಲಂಗಾಣವನ್ನು ಹೊಗುವ ಕೃಷ್ಣಾ ಮಂಡಲದಲ್ಲಿ, ಮಾಗನೂರು, ಮಕ್ತಲ್ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಕನ್ನಡ ಶಾಲೆಗಳೂ ಇವೆ. ಗಡಿ ಗೆರೆ ಬಿದ್ದರೂ ಜಡ್ಡಾದವರ ನಡೆ ಬದಲಾಗಲಿಲ್ಲ. ಸಣ್ಣ ಜ್ವರಕ್ಕೆ, ಪದವಿಯಿಲ್ಲದೆ ವೈದ್ಯ ಮಾಡುವ ಊರಿನ ಆರ್‌ಎಂಪಿ, ಸ್ವಲ್ಪ ದೊಡ್ಡದಕ್ಕೆ ರಾಯಚೂರು ಅಥವಾ ಮಹಬೂಬ್‌ನಗರ, ಜೀವದ ಮೇಲೆ ಬಂದರೆ ಹೈದರಾಬಾದಿನ ಉಸ್ಮಾನಿಯಾ ದವಾಖಾನೆ. 2013ರಲ್ಲಿ ಗದ್ವಾಲ-ರಾಯಚೂರು ರೈಲು ಶುರುವಾದ ಮೇಲೆ ರಾಯಚೂರಿನ ದಾರಿ ಇನ್ನಷ್ಟು ಹತ್ತಿರವಾಯಿತು.

ಊರಿನ ಆರ್‌ಎಂಪಿ ಬಳಿ ಸಿಗುತ್ತಿದ್ದ ಮುಖ್ಯ ಔಷಧ ಸೂಜಿ. ದಿನಗೂಲಿ ತಪ್ಪಿದರೆ ಉಣ್ಣುವುದು ತಪ್ಪುವ ಕುಟುಂಬಗಳಿಗೆ ಮೂರು ದಿನ ಮಾತ್ರೆ ನುಂಗಿ ಮಲಗುವುದು ಆಗದ ಮಾತು. ಪಾಲಮೂರು (ಮಹಬೂಬ್‌ನಗರದ ಹಳೆಯ ಹೆಸರು) ಕೂಲಿಗಳೆಂದು ದೇಶದ ಅಣೆಕಟ್ಟು, ರಸ್ತೆ, ಕಟ್ಟಡಗಳ ಕೆಲಸಕ್ಕೆಲ್ಲ ಹೋದವರು ಈ ಸೀಮೆಯವರು. ಒಂದು ಸೂಜಿ ಮಾಡಿಸಿಕೊಂಡರೆ ನಾಳೆ ಕೆಲಸಕ್ಕೆ ಹೋಗಬಹುದು, ಸಲೈನ್ ಹಚ್ಚಿಸಿಕೊಂಡರೆ ಮೈಯಲ್ಲಿ ಕಸುವು ಬರುತ್ತದೆ ಎಂಬ ನಂಬಿಕೆ ಬೇರೂರಿದ್ದು ಹೀಗೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜು ಬಳಕೆಗೆ ಬರುವ ಮೊದಲು ಇದ್ದದ್ದು ಗಾಜಿನ ಸಿರಿಂಜು. ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಎರಡೋ ಮೂರೋ ಸಿರಿಂಜು, ಮೊಂಡಾಗುತ್ತ ಬಂದ ಐದಾರು ಸೂಜಿ, ಕೆಳಗೆ ಸೀಮೆಎಣ್ಣೆ ಸ್ಟೌ. ನೀರು ಇಪ್ಪತ್ತು ನಿಮಿಷ ಕುದಿಯಬೇಕೆಂಬುದು ನಿಯಮ. ಬಾಗಿಲಲ್ಲಿ ಹತ್ತು ಜನ ನಿಂತಾಗ ಅದೇ ಬಿಸಿನೀರಿನಲ್ಲಿ ಎರಡು ಸಲ ಅದ್ದಿ ತೆಗೆದರೆ ಮುಗಿಯಿತು. ಬರಿಗಣ್ಣಿಗೆ ಸೂಜಿ ಸ್ವಚ್ಛ. ಅದರ ಕೊಳವೆಯೊಳಗೆ ಉಳಿದ ರಕ್ತದ ಅಂಶ ಮುಂದಿನವರ ಮೈಗೆ ಹೋಗಲು ಸಾಕು.

ಇದು ಈ ಸೀಮೆಯೊಂದರ ಕಥೆಯಲ್ಲ. 2000ದ ದಶಕದ ಆರಂಭದಲ್ಲಿ ನಡೆದ ಒಂದು ದೇಶವ್ಯಾಪಿ ಸಮೀಕ್ಷೆ, ಭಾರತದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್‌ಗಳು ನಡೆಯುತ್ತವೆ, ಅವುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಅಸುರಕ್ಷಿತ ಎಂದು ಲೆಕ್ಕ ಹಾಕಿತು. ಎರಡನೆಯ ದಾರಿ ರಕ್ತದಾನದ್ದು. ಹಣಕ್ಕಾಗಿ ರಕ್ತ ಕೊಡುವವರ ಪದ್ಧತಿಯನ್ನು ನಿಲ್ಲಿಸುವಂತೆ ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶಿಸಿತು. 1998ರ ಜನವರಿಯಿಂದ ಅದು ಜಾರಿಗೆ ಬಂತು. ದಾನದ ರಕ್ತವನ್ನೆಲ್ಲ ಹೆಪಟೈಟಿಸ್ ಸಿಗೆ ಪರೀಕ್ಷಿಸುವುದು ಭಾರತದಲ್ಲಿ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಮೊದಲು ಹೆರಿಗೆಯಲ್ಲಿ, ಅಪಘಾತದಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಪಡೆದವರಿಗೆ ಆ ಬಾಟಲಿಯಲ್ಲಿ ಏನಿತ್ತೆಂದು ತಿಳಿಯುವ ಉಪಾಯವೇ ಇರಲಿಲ್ಲ. ಡಯಾಲಿಸಿಸ್ ಯಂತ್ರಗಳು, ಒಂದೇ ಸೂಜಿಯ ಹಚ್ಚೆ, ಕ್ಷೌರದ ಕತ್ತಿ ಮೊದಲಾದವು ಉಳಿದ ದಾರಿಗಳು.

ಹೀಗೆ ಹೊಕ್ಕ ವೈರಸ್ ಸದ್ದು ಮಾಡುವುದಿಲ್ಲ. ಕಾಮಣಿ ಎಂದರೆ ಕಣ್ಣು ಹಳದಿಯಾಗಬೇಕು, ಮೂತ್ರ ಹಳದಿಯಾಗಬೇಕು ಎಂದೇ ಜನ ತಿಳಿದಿದ್ದಾರೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಹಾಗೆ ಕಾಣಿಸಿಕೊಂಡು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿದದ್ದರ ಯಶಸ್ಸು ಬೇರಿನ ಮದ್ದಿಗೆ, ಪಥ್ಯಕ್ಕೆ ಸೇರುತ್ತದೆ. ಹೆಪಟೈಟಿಸ್ ಸಿ ಬಂದ ಹೆಚ್ಚಿನವರ ಕಣ್ಣು ಹಳದಿಯಾಗುವುದೇ ಇಲ್ಲ. ಸೋಂಕು ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ಹಾಗೆ ಉಳಿದವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಇಪ್ಪತ್ತು ವರ್ಷಗಳೊಳಗೆ ಸಿರೋಸಿಸ್, ಅಂದರೆ ಲಿವರ್ ನಾರುಗಟ್ಟಿ ಗಡುಸಾಗುವ ಸ್ಥಿತಿ, ಬರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ, ಕಾಲು ಬಾತು, ರಕ್ತ ವಾಂತಿಯಾದಾಗಲೇ ಅವರು ದೊಡ್ಡ ದವಾಖಾನೆ ಸೇರುವುದು. ಕುಡಿತವಿಲ್ಲದ ಹೆಂಗಸಿಗೂ ಕುಡುಕರ ರೋಗ ಬಂತೆಂದು ಊರು ಮಾತಾಡಿಕೊಂಡದ್ದುಂಟು. ಆ ಅಪವಾದ ಈ ರೋಗ ಮಾಡಿದ ಹಾನಿಗಳಲ್ಲಿ ಸಣ್ಣದಲ್ಲ.

ವೈರಸ್ಸಿಗೆ ಹೆಸರು ಸಿಕ್ಕಿದ್ದು ತಡವಾಗಿ. 1970ರ ದಶಕದ ನಡುವೆ ಅಮೆರಿಕದ ಹಾರ್ವಿ ಆಲ್ಟರ್ ಮತ್ತು ಸಂಗಡಿಗರು, ರಕ್ತ ಪಡೆದವರಲ್ಲಿ ಕಾಣುವ ಲಿವರ್ ಉರಿಯೂತಗಳಲ್ಲಿ ಹೆಚ್ಚಿನವು ಎ ಕೂಡ ಅಲ್ಲ, ಬಿ ಕೂಡ ಅಲ್ಲ ಎಂದು ತೋರಿಸಿದರು. 1989ರಲ್ಲಿ ಮೈಕೆಲ್ ಹ್ಯೂಟನ್ ತಂಡ ಆ ವೈರಸ್ಸಿನ ತಳಿಸಂಕೇತವನ್ನು ಹಿಡಿದು ಅದಕ್ಕೆ ಸಿ ಎಂದು ಹೆಸರಿಟ್ಟಿತು. ರೋಗಕ್ಕೆ ಈ ಒಂದೇ ವೈರಸ್ ಕಾರಣವೆಂಬುದನ್ನು ಸ್ಥಾಪಿಸಿದವರು ಚಾರ್ಲ್ಸ್ ರೈಸ್. ಮೂವರಿಗೂ 2020ರ ವೈದ್ಯಕೀಯ ನೊಬೆಲ್ ಸಂದಿತು.

ಲಿವರ್ ಕಸಿ ಇದಕ್ಕಿಂತ ಹಳೆಯದು. ಥಾಮಸ್ ಸ್ಟಾರ್ಜ್ಲ್ 1963ರಲ್ಲಿ ಡೆನ್ವರ್‌ನಲ್ಲಿ ಮೊದಲ ಪ್ರಯತ್ನ ಮಾಡಿದರು, ರೋಗಿ ಉಳಿಯಲಿಲ್ಲ. 1967ರಲ್ಲಿ ಮೊದಲ ಯಶಸ್ಸು ಕಂಡಿತು. ದೇಹ ಪರಕೀಯ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ 1980ರ ಹೊತ್ತಿಗೂ ಟ್ಯಾಕ್ರೋಲಿಮಸ್ ಅದರ ಮುಂದಿನ ದಶಕದಲ್ಲೂ ಬಂದ ಮೇಲೆ ಕಸಿ ಎಂಬುದು ಪ್ರಯೋಗದ ಹಂತ ದಾಟಿ ಚಿಕಿತ್ಸೆಯಾಯಿತು. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ದಾರಿ ತೆರೆಯಿತು. 1998ರಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ ದೇಶದ ಮೊದಲ ಯಶಸ್ವಿ ಲಿವರ್ ಕಸಿ ನಡೆಯಿತು. ಮುಂದಿನ ದಶಕಗಳಲ್ಲಿ ಹೈದರಾಬಾದ್ ಕಸಿಯ ದೊಡ್ಡ ಕೇಂದ್ರವಾಗಿ ಬೆಳೆಯಿತು. ನಿಮ್ಸ್ ಆಸ್ಪತ್ರೆಯಿಂದ ನಡೆಯುವ ಜೀವನದಾನ್ ಯೋಜನೆ 2013ರಲ್ಲಿ ಶುರುವಾಗಿ, ಮಿದುಳು ನಿಷ್ಕ್ರಿಯರಾದವರ ಅಂಗದಾನದಲ್ಲಿ ತೆಲಂಗಾಣವನ್ನು ದೇಶದ ಮುಂಚೂಣಿಗೆ ತಂದಿತು. ಗಡಿಯ ಆಚೆಗೆ ಇದೇ ಕೆಲಸಕ್ಕೆ ಕರ್ನಾಟಕದ ಜೀವಸಾರ್ಥಕತೆ ಇದೆ.

ಬಡವರಿಗೆ ಬಾಗಿಲು ತೆರೆದದ್ದು ಆರೋಗ್ಯಶ್ರೀ ಎಂಬ ಉಚಿತ ಚಿಕಿತ್ಸೆಯ ಸರ್ಕಾರಿ ಯೋಜನೆ. ಅವಿಭಜಿತ ಆಂಧ್ರಪ್ರದೇಶ 2007ರ ಏಪ್ರಿಲ್‌ನಲ್ಲಿ ಅದನ್ನು ಮೊದಲು ಜಾರಿಗೆ ತಂದದ್ದು ಮೂರೇ ಜಿಲ್ಲೆಗಳಲ್ಲಿ. ಅವುಗಳಲ್ಲಿ ಮಹಬೂಬ್‌ನಗರ ಒಂದು. ಅಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಬಡವರು ಆ ಕಾರ್ಡನ್ನು ಮೊದಲಿಗೆ ಹಿಡಿದವರ ಸಾಲಿನಲ್ಲಿದ್ದರು. ಲಿವರ್ ಕಸಿ ಅದರ ವ್ಯಾಪ್ತಿಗೆ ಬಂದದ್ದು ನಂತರ. ಸರ್ಕಾರಿ ಉಸ್ಮಾನಿಯಾ ಆಸ್ಪತ್ರೆಯಲ್ಲಿ ಹಣ ಕಟ್ಟದೆ ಲಿವರ್ ಕಸಿ ಆದವರಿದ್ದಾರೆ. 1908ರ ಮೂಸಿ ಪ್ರವಾಹದಲ್ಲಿ ಹಳೆಯ ದವಾಖಾನೆ ಕೊಚ್ಚಿಹೋದ ಮೇಲೆ ಕಟ್ಟಿದ ಆ ಆಸ್ಪತ್ರೆ ಈ ಸೀಮೆಯ ಪಾಲಿಗೆ ಇಂದಿಗೂ ಕೊನೆಯ ಆಸರೆ.

ಈಗ ಮರುಕಳಿಸುವಿಕೆಯ ವಿಷಯ. ಕಸಿಯ ಮೇಜಿನ ಮೇಲೆ ಹಳೆಯ ಲಿವರ್ ತೆಗೆದು ಹೊಸದನ್ನು ಕೂರಿಸಿ, ರಕ್ತನಾಳಗಳನ್ನು ಹೊಲಿದು, ಹಿಡಿಕೆಗಳನ್ನು ಸಡಿಲಿಸುತ್ತಾರೆ. ಮಂಜಿನಲ್ಲಿಟ್ಟಿದ್ದ ಬಿಳಚಿಕೊಂಡ ಅಂಗಕ್ಕೆ ಬಿಸಿರಕ್ತ ನುಗ್ಗಿ ಅದು ಕೆಂಪೇರುತ್ತದೆ. ವೈರಸ್ ಒಳನುಗ್ಗುವುದೂ ಅದೇ ಗಳಿಗೆಯಲ್ಲಿ. ಲಿವರ್ ಇಲ್ಲದ ಆ ಒಂದೆರಡು ತಾಸಿನಲ್ಲಿ ರಕ್ತದ ವೈರಸ್ ಪ್ರಮಾಣ ಇಳಿಯುತ್ತದೆ, ಏಕೆಂದರೆ ಅದನ್ನು ತಯಾರಿಸುವ ಕೋಶಗಳೇ ಆಗ ಇಲ್ಲ. ರಕ್ತ ಹರಿದ ಮೇಲೆ ಇನ್ನೂ ಇಳಿಯುತ್ತದೆ: ಇದ್ದ ವೈರಸ್ ಹೊಸ ಕೋಶಗಳಿಗೆ ಅಂಟಿಕೊಂಡು ಒಳಸೇರುತ್ತದೆ. ಕೆಲವೇ ದಿನಗಳಲ್ಲಿ ಏರಿಕೆ ಶುರು; ವಾರಗಳೊಳಗೆ ಕಸಿಗೆ ಮೊದಲು ಇದ್ದುದಕ್ಕಿಂತ ಹತ್ತಿಪ್ಪತ್ತು ಪಟ್ಟಿಗೆ ಮುಟ್ಟುತ್ತದೆ. ಹೆಪಟೈಟಿಸ್ ಬಿಯಲ್ಲಿ ಹೀಗಾಗದಂತೆ ಪ್ರತಿಕಾಯದ ಇಂಜೆಕ್ಷನ್ ಮತ್ತು ಮಾತ್ರೆಗಳಿಂದ ತಡೆಯುವುದು 1990ರ ದಶಕದಲ್ಲೇ ಸಾಧ್ಯವಾಯಿತು. ಸಿ ವೈರಸ್ ಸದಾ ರೂಪ ಬದಲಿಸುತ್ತಿರುವುದರಿಂದ ಅಂಥ ಪ್ರತಿಕಾಯ ಸಿಗಲಿಲ್ಲ. ಕಸಿಯ ವೇಳೆ ರಕ್ತದಲ್ಲಿ ವೈರಸ್ ಇದ್ದವರಲ್ಲಿ ಸೋಂಕು ಮರಳದವರು ಇಲ್ಲವೆಂದೇ ಹೇಳಬೇಕು.

ಮರಳಿದ ಸೋಂಕು ಎಲ್ಲರನ್ನೂ ಸಮನಾಗಿ ಕಾಡಲಿಲ್ಲ. ಐದು ವರ್ಷಗಳೊಳಗೆ ಹೊಸ ಲಿವರ್ ಸಿರೋಸಿಸ್‌ಗೆ ತಿರುಗಿದವರು ನೂರಕ್ಕೆ 20ರಿಂದ 30. ಹಾಗೆ ತಿರುಗಿದ ಮೇಲೆ ಒಂದೇ ವರ್ಷದೊಳಗೆ ನೂರಕ್ಕೆ ಸುಮಾರು 40 ಮಂದಿಗೆ ಹೊಟ್ಟೆಯ ನೀರು, ರಕ್ತವಾಂತಿ ಮೊದಲಾದವು ಕಾಣಿಸಿದವು. ಬೆರಳೆಣಿಕೆಯವರಲ್ಲಿ ಪಿತ್ತ ಕಟ್ಟಿಕೊಂಡು ಲಿವರ್ ತಿಂಗಳುಗಳಲ್ಲೇ ನಾರಾಗಿ ಜೀವ ಹೋಯಿತು. ಅಮೆರಿಕದ 11,000ಕ್ಕೂ ಹೆಚ್ಚು ಕಸಿ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ವರ್ಷದ ಬಳಿಕ ಬದುಕಿದ್ದವರು ಹೆಪಟೈಟಿಸ್ ಸಿ ಇದ್ದವರಲ್ಲಿ ನೂರಕ್ಕೆ ಸುಮಾರು 70, ಉಳಿದವರಲ್ಲಿ ಸುಮಾರು 77.

ಈ ವ್ಯತ್ಯಾಸಕ್ಕೆ ಕಾರಣ ಹುಡುಕಿದವರಿಗೆ ಮತ್ತೆ ಮತ್ತೆ ಎದುರಾದದ್ದು ದಾನಿಯ ವಯಸ್ಸು. 1990ರ ದಶಕದ ಕೊನೆಗೆ ಯುರೋಪಿನ ವೈದ್ಯರು ಒಂದು ವಿಚಿತ್ರ ಗಮನಿಸಿದರು: ಶಸ್ತ್ರಚಿಕಿತ್ಸೆ ಸುಧಾರಿಸುತ್ತಿದ್ದರೂ, ಹಿಂದಿನ ವರ್ಷಗಳಲ್ಲಿ ಕಸಿಯಾದವರಿಗಿಂತ ಇತ್ತೀಚೆಗೆ ಕಸಿಯಾದ ಹೆಪಟೈಟಿಸ್ ಸಿ ರೋಗಿಗಳ ಲಿವರ್ ಬೇಗ ಹಾಳಾಗುತ್ತಿತ್ತು. ಅಂಗಗಳ ಕೊರತೆಯಿಂದ ವಯಸ್ಸಾದ ದಾನಿಗಳ ಲಿವರನ್ನೂ ಸ್ವೀಕರಿಸತೊಡಗಿದ್ದು ಇದರ ಹಿಂದಿನ ಮುಖ್ಯ ಕಾರಣಗಳಲ್ಲೊಂದು. 2002ರ ಒಂದು ಬ್ರಿಟಿಷ್ ಅಧ್ಯಯನದ ಲೆಕ್ಕದಲ್ಲಿ, 40ಕ್ಕಿಂತ ಕಡಿಮೆ ವಯಸ್ಸಿನ ದಾನಿಯ ಲಿವರ್ ಸಿರೋಸಿಸ್ ಮುಟ್ಟಲು ಸುಮಾರು 10 ವರ್ಷ ಹಿಡಿದರೆ, 50 ಮುಟ್ಟಿದ ದಾನಿಯದಕ್ಕೆ ಎರಡು ವರ್ಷಕ್ಕೆ ಸ್ವಲ್ಪ ಹೆಚ್ಚು ಸಾಕಾಗಿತ್ತು. ಬೇರೆ ರೋಗಗಳಿಗೆ ಕಸಿಯಾದವರಲ್ಲಿ ಅದೇ ವಯಸ್ಸಾದ ಲಿವರ್ ಬಹುಮಟ್ಟಿಗೆ ಚೆನ್ನಾಗಿಯೇ ನಡೆಯುತ್ತಿತ್ತು. ವಯಸ್ಸಾದ ಅಂಗಕ್ಕೆ ಗಾಯದಿಂದ ಚೇತರಿಸುವ ಶಕ್ತಿ ಕಡಿಮೆ. ವೈರಸ್ ದಿನವೂ ಮಾಡುವ ಗಾಯ ಅದರಲ್ಲಿ ಬೇಗ ನಾರುಗಟ್ಟುತ್ತದೆ. ದಾನಿಯ ಲಿವರಿನಲ್ಲಿ ಕೊಬ್ಬು ಹೆಚ್ಚಿದ್ದರೆ, ಅದು ಮಂಜಿನಲ್ಲಿ ಬಹಳ ಹೊತ್ತು ಕಳೆದಿದ್ದರೆ ಅಥವಾ ಹೊಲಿಯುವಾಗ ರಕ್ತವಿಲ್ಲದೆ ಬಹಳ ಹೊತ್ತು ಬಿಸಿಯಲ್ಲಿದ್ದರೆ ಅಪಾಯ ಇನ್ನೂ ಹೆಚ್ಚುತ್ತಿತ್ತು.

ಭಾರತದ ಪರಿಸ್ಥಿತಿ ಇಲ್ಲಿ ಬೇರೆಯಾಗಿತ್ತು. ನಮ್ಮಲ್ಲಿ ಲಿವರ್ ಕಸಿಗಳ ಬಹುಪಾಲು ಜೀವಂತ ದಾನಿಗಳಿಂದಲೇ ನಡೆಯುತ್ತವೆ: ಹೆಂಡತಿ, ಮಗ, ಮಗಳು, ತಂಗಿ ತಮ್ಮ ಲಿವರಿನ ಒಂದು ಭಾಗ ಕೊಡುತ್ತಾರೆ. ಅಂಥ ದಾನಿ ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರು, ಕೊಬ್ಬು ಪರೀಕ್ಷೆಯಲ್ಲಿ ತೇರ್ಗಡೆಯಾದವರು. ಅಂಗ ಪಕ್ಕದ ಕೋಣೆಯಿಂದಲೇ ಬರುವುದರಿಂದ ಮಂಜಿನಲ್ಲಿ ಇರಬೇಕಾದದ್ದು ಸ್ವಲ್ಪವೇ ಹೊತ್ತು. ಅರ್ಧ ಲಿವರ್ ಕೊಟ್ಟರೆ ಅದು ಬೆಳೆಯುವ ವೇಗದಲ್ಲೇ ವೈರಸ್ಸೂ ಬೆಳೆಯಬಹುದೆಂಬ ಭಯ 2000ದ ಸುಮಾರಿಗೆ ಅಮೆರಿಕದ ವೈದ್ಯರಲ್ಲಿತ್ತು. ತಂಡಗಳ ಕೈ ಪಳಗುತ್ತ ಬಂದಂತೆ ಜೀವಂತ ದಾನಿಗಳ ಲಿವರ್ ಪಡೆದವರ ಫಲಿತಾಂಶ ಬೇರೆಯವರದಕ್ಕಿಂತ ಹೀನವಲ್ಲವೆಂದು ಸ್ಪಷ್ಟವಾಯಿತು. ಅಂದರೆ ಮರುಕಳಿಸುವಿಕೆಯ ದೊಡ್ಡ ಕಾರಣಗಳಲ್ಲಿ ಎರಡನ್ನು ಭಾರತೀಯ ಕುಟುಂಬಗಳು ತಾವಾಗಿ ತಗ್ಗಿಸಿಕೊಂಡಿದ್ದವು. ಅದರ ಬೆಲೆ ತೆತ್ತವರಲ್ಲಿ ಹೆಂಗಸರೇ ಹೆಚ್ಚು. ದೇಶದ ಜೀವಂತ ಲಿವರ್ ದಾನಿಗಳಲ್ಲಿ ಅವರ ಪಾಲೇ ದೊಡ್ಡದು. ಕಸಿಯ ಚರಿತ್ರೆ ಬರೆಯುವಾಗ ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳುವುದು ಅನ್ಯಾಯ.

ಎರಡನೆಯ ದೊಡ್ಡ ಕಾರಣ ಚಿಕಿತ್ಸೆಯೇ. ಹೊಸ ಅಂಗ ಉಳಿಯಬೇಕಾದರೆ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕು. ತಗ್ಗಿಸಿದರೆ ವೈರಸ್ಸಿಗೆ ತಡೆಯಿಲ್ಲ. ತಿರಸ್ಕಾರ ಶುರುವಾದಾಗ ಕೊಡುವ ಸ್ಟೀರಾಯ್ಡಿನ ದೊಡ್ಡ ಡೋಸುಗಳು ವೈರಸ್ ಪ್ರಮಾಣವನ್ನು ಎಷ್ಟೋ ಪಟ್ಟು ಏರಿಸಿ, ಮುಂದಿನ ಸಿರೋಸಿಸ್‌ಗೆ ದಾರಿ ಮಾಡುತ್ತವೆಂದು ಅಧ್ಯಯನದ ಮೇಲೆ ಅಧ್ಯಯನ ತೋರಿಸಿತು. ಟಿ ಜೀವಕೋಶಗಳನ್ನೇ ಅಳಿಸುವ ಓಕೆಟಿ3 ಎಂಬ ಔಷಧ ಇನ್ನೂ ಕೇಡು ಮಾಡಿತು. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದೂ ಒಳ್ಳೆಯದಲ್ಲ, ನಿಧಾನವಾಗಿ ಇಳಿಸಬೇಕು ಎಂಬುದು ಅನುಭವದಿಂದ ಬಂದ ತಿಳಿವಳಿಕೆ. 2003ರಲ್ಲಿ ಜಪಾನಿನ ಪ್ರಯೋಗಾಲಯವೊಂದು ಸೈಕ್ಲೋಸ್ಪೋರಿನ್ ವೈರಸ್ಸಿನ ಬೆಳವಣಿಗೆಯನ್ನೇ ತಡೆಯುತ್ತದೆಂದು ಕಂಡಾಗ ದೊಡ್ಡ ಆಸೆ ಹುಟ್ಟಿತು. ರೋಗಿಗಳಲ್ಲಿ ಟ್ಯಾಕ್ರೋಲಿಮಸ್‌ಗಿಂತ ಅದು ಸ್ಪಷ್ಟವಾಗಿ ಮೇಲೆಂದು ಸಾಬೀತಾಗಲಿಲ್ಲ.

ಸಂಕಟವಿದ್ದದ್ದು ತಿರಸ್ಕಾರವನ್ನೂ ಮರುಕಳಿಕೆಯನ್ನೂ ಬೇರ್ಪಡಿಸುವುದರಲ್ಲಿ. ಎರಡರಲ್ಲೂ ರಕ್ತಪರೀಕ್ಷೆಯಲ್ಲಿ ಲಿವರ್ ಕಿಣ್ವಗಳು ಏರುತ್ತವೆ. ಪಕ್ಕೆಲುಬುಗಳ ನಡುವೆ ಸೂಜಿ ತೂರಿಸಿ ತೆಗೆದ, ದಾರದಷ್ಟು ಸಣ್ಣ, ಒಂದೆರಡು ಸೆಂಟಿಮೀಟರಿನ ಲಿವರ್ ಎಳೆಯನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗಲೂ ಎರಡರಲ್ಲೂ ಪಿತ್ತನಾಳಗಳಿರುವ ಜಾಗದಲ್ಲಿ ಬಿಳಿ ರಕ್ತಕಣಗಳು ಮುತ್ತಿಕೊಂಡಿರುತ್ತವೆ. ಪಿತ್ತನಾಳದ ಗೋಡೆಗೇ ಪೆಟ್ಟಾಗಿದ್ದರೆ, ರಕ್ತನಾಳದ ಒಳಪೊರೆ ಊದಿದ್ದರೆ ತಿರಸ್ಕಾರ. ಲಿವರ್ ಕೋಶಗಳು ಅಲ್ಲಲ್ಲಿ ಸತ್ತಿದ್ದರೆ ವೈರಸ್. ಎಷ್ಟೋ ಸಲ ಎರಡರ ಗುರುತೂ ಒಂದೇ ಎಳೆಯಲ್ಲಿ ಇರುತ್ತಿದ್ದವು. ತಿರಸ್ಕಾರವೆಂದು ಓದಿ ಸ್ಟೀರಾಯ್ಡ್ ಕೊಟ್ಟರೆ, ಅದು ವೈರಸ್ ಆಗಿದ್ದಲ್ಲಿ ರೋಗಕ್ಕೆ ಉಣಿಸು ಹಾಕಿದಂತೆ. ಹಾಗಾಗಿ ಸೌಮ್ಯ ತಿರಸ್ಕಾರವನ್ನು ದೊಡ್ಡ ಡೋಸಿನಿಂದ ಹೊಡೆಯದೆ ಕಾದು ನೋಡುವ ಪದ್ಧತಿ ಬಂತು. ರೋಗಶಾಸ್ತ್ರಜ್ಞರ ಕಣ್ಣಿನ ಮೇಲೆ ಇಷ್ಟು ಭಾರ ಬಿದ್ದದ್ದು ವೈದ್ಯದಲ್ಲಿ ಅಪರೂಪ.

ವೈರಸ್ಸಿನ ಕಡೆಯ ಕಾರಣಗಳಲ್ಲಿ ಕಸಿಯ ಹೊತ್ತಿಗೆ ರಕ್ತದಲ್ಲಿ ಅದರ ಪ್ರಮಾಣ ಎಷ್ಟಿತ್ತೆಂಬುದು ಮುಖ್ಯ. ಹೆಚ್ಚಿದ್ದಷ್ಟೂ ಫಲಿತಾಂಶ ಕೆಟ್ಟದ್ದು. ತಳಿಯೂ ಲೆಕ್ಕಕ್ಕೆ ಬಂತು. 1ಬಿ ತಳಿ ಹೆಚ್ಚು ಹಾನಿಕರವೆಂದು ಯುರೋಪಿನ ಹಲವು ವರದಿಗಳು ಹೇಳಿದವು, ಎಲ್ಲವೂ ಒಪ್ಪಲಿಲ್ಲ. ಭಾರತದಲ್ಲಿ 3ನೆಯ ತಳಿ ಪ್ರಧಾನ, ದಕ್ಷಿಣದಲ್ಲಿ ಅದರ ಜೊತೆ 1ನೆಯದೂ ಸಾಕಷ್ಟಿದೆ. 3ನೆಯ ತಳಿ ಲಿವರಿನಲ್ಲಿ ಕೊಬ್ಬು ತುಂಬಿಸುತ್ತದೆ.

ರೋಗಿಯ ಮೈಯೂ ತನ್ನ ಪಾಲು ಸೇರಿಸುತ್ತಿತ್ತು. ಕಸಿಯ ನಂತರ ಸಕ್ಕರೆ ಕಾಯಿಲೆ ಬಂದವರಲ್ಲಿ ಲಿವರ್ ಬೇಗ ನಾರುಗಟ್ಟಿತು. ಟ್ಯಾಕ್ರೋಲಿಮಸ್ ಮತ್ತು ಸ್ಟೀರಾಯ್ಡ್ ಎರಡೂ ಸಕ್ಕರೆ ಏರಿಸುವ ಔಷಧಗಳು, ಭಾರತೀಯರಿಗೆ ಆ ಕಾಯಿಲೆಯ ಒಲವು ಮೊದಲೇ ಇದೆ. ಸೈಟೋಮೆಗಾಲೋ ವೈರಸ್ ಸೋಂಕು, ಎಚ್‌ಐವಿ, ಹೆಂಗಸಾಗಿರುವುದು, ಕಸಿಯ ಹೊತ್ತಿಗೆ ರೋಗಿ ತೀರ ಕುಸಿದಿರುವುದು ಉಳಿದ ಕಾರಣಗಳು. 2009ರಲ್ಲಿ ಐಎಲ್28ಬಿ ಎಂಬ ವಂಶವಾಹಿಯ ಹತ್ತಿರದ ಒಂದು ಅಕ್ಷರದ ವ್ಯತ್ಯಾಸ, ಆಗಿನ ಮುಖ್ಯ ಔಷಧವಾದ ಇಂಟರ್‌ಫೆರಾನ್ ಚಿಕಿತ್ಸೆಯ ಗೆಲುವು ಸೋಲುಗಳನ್ನು ಮುನ್ಸೂಚಿಸುತ್ತದೆಂದು ತಿಳಿಯಿತು. ಕಸಿಯಲ್ಲಿ ರೋಗಿಯದಷ್ಟೇ ಅಲ್ಲ, ದಾನಿಯ ವಂಶವಾಹಿಯೂ ಫಲಿತಾಂಶವನ್ನು ಬದಲಿಸುತ್ತದೆಂದು ಜಪಾನಿನ ವೈದ್ಯರು ಅದರ ಮರುವರ್ಷವೇ ತೋರಿಸಿದರು.

ಇಷ್ಟೆಲ್ಲ ತಿಳಿದರೂ ಕೈಯಲ್ಲಿದ್ದ ಔಷಧ ದುರ್ಬಲ. 1991ರಲ್ಲಿ ಬಂದ ಇಂಟರ್‌ಫೆರಾನ್, 1998ರಲ್ಲಿ ಅದಕ್ಕೆ ಜೊತೆಯಾದ ರಿಬಾವಿರಿನ್, 2001ರ ವಾರಕ್ಕೊಂದು ಸೂಜಿಯ ಪೆಗ್-ಇಂಟರ್‌ಫೆರಾನ್ ಇವೆಲ್ಲ ಸೇರಿಯೂ ಕಸಿಯಾದವರಲ್ಲಿ ಗುಣ ಕಂಡವರು ಮೂರರಲ್ಲಿ ಒಬ್ಬರಷ್ಟು. ಜ್ವರ, ಖಿನ್ನತೆ, ರಕ್ತಹೀನತೆ. ಅದರ ಮೇಲೆ ಇಂಟರ್‌ಫೆರಾನೇ ತಿರಸ್ಕಾರ ಎಬ್ಬಿಸುವ ಭಯ. ವರ್ಷವಿಡೀ ಸೂಜಿ, ಲಕ್ಷಗಳ ಖರ್ಚು, ಪ್ರತಿ ತಿಂಗಳು ಹೈದರಾಬಾದಿನ ಬಸ್ಸು. ಮಗ್ಗದ ಮನೆಗೋ ಕೂಲಿಯ ಮನೆಗೋ ಅದು ನಿಭಾಯಿಸುವ ಮಾತಲ್ಲ. 2011ರಲ್ಲಿ ಬಂದ ಟೆಲಾಪ್ರೆವಿರ್ ಟ್ಯಾಕ್ರೋಲಿಮಸ್ ಪ್ರಮಾಣವನ್ನು ರಕ್ತದಲ್ಲಿ ಹತ್ತಾರು ಪಟ್ಟು ಏರಿಸುತ್ತಿದ್ದುದರಿಂದ ಕಸಿಯಾದವರಲ್ಲಿ ಬಳಸುವುದು ಕತ್ತಿಯಂಚಿನ ಕೆಲಸ.

ತಿರುವು ತಂದದ್ದು ಸೊಫೊಸ್ಬುವಿರ್. ಅಮೆರಿಕದಲ್ಲಿ 2013ರ ಡಿಸೆಂಬರ್‌ನಲ್ಲಿ ಅನುಮತಿ ಪಡೆದಾಗ ಅದರ ಬೆಲೆ ಮಾತ್ರೆಯೊಂದಕ್ಕೆ 1,000 ಡಾಲರ್, 12 ವಾರಕ್ಕೆ 84,000 ಡಾಲರ್. 2014ರ ಸೆಪ್ಟೆಂಬರ್‌ನಲ್ಲಿ ಗಿಲಿಯಡ್ ಕಂಪನಿ ಭಾರತದ ಏಳು ಔಷಧ ಕಂಪನಿಗಳಿಗೆ ಅದನ್ನು ತಯಾರಿಸಿ 91 ದೇಶಗಳಲ್ಲಿ ಮಾರಲು ಪರವಾನಗಿ ಕೊಟ್ಟಿತು. ಹೈದರಾಬಾದಿನ ಹೆಟೆರೊ ಅವುಗಳಲ್ಲಿ ಒಂದು. ಪೇಟೆಂಟನ್ನೇ ವಿರೋಧಿಸಿದ್ದ ಹೈದರಾಬಾದಿನ ಇನ್ನೊಂದು ಕಂಪನಿ ನ್ಯಾಟ್ಕೊ, 2015ರ ಮಾರ್ಚ್‌ನಲ್ಲಿ ಪರವಾನಗಿ ಪಡೆಯಿತು. ನ್ಯಾಟ್ಕೊದ ಕೊತ್ತೂರು ಘಟಕ ಆಗ ಮಹಬೂಬ್‌ನಗರ ಜಿಲ್ಲೆಯಲ್ಲೇ ಇತ್ತು. ಮಕ್ತಲಿನಿಂದ ಜಡ್ಚರ್ಲಾ ಹಾದು ಹೈದರಾಬಾದಿಗೆ ಹೋಗುವ ರೋಗಿಗಳ ದಾರಿ ಆ ಊರನ್ನು ದಾಟಿಯೇ ಹೋಗುತ್ತದೆ. ಪೈಪೋಟಿಯಲ್ಲಿ ಬೆಲೆ ಅಮೆರಿಕದ ಬೆಲೆಯ ಸಣ್ಣದೊಂದು ಪಾಲಿಗೆ ಇಳಿಯಿತು. ಡಕ್ಲಟಾಸ್ವಿರ್, ವೆಲ್ಪಟಾಸ್ವಿರ್ ಜೊತೆಗೂಡಿದ ಮೇಲೆ ಕಸಿಯಾದವರಲ್ಲೂ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯ ರಕ್ತದಿಂದ ವೈರಸ್ ಪೂರ್ತಿ ಹೋಯಿತು. ಟ್ಯಾಕ್ರೋಲಿಮಸ್ ಜೊತೆ ಇವುಗಳ ಜಗಳ ಹೆಚ್ಚಿಲ್ಲದಿರುವುದು ದೊಡ್ಡ ಅನುಕೂಲ.

ಹಳೆಯ ಕಾರಣಗಳ ಪಟ್ಟಿ ಹೀಗೆ ಒಮ್ಮೆಲೇ ಹಗುರಾಯಿತು. ಈಗ ತೂಕವಿರುವುದು ಕಾಲ ಆರಿಸುವುದಕ್ಕೆ. ಕಸಿಗೆ ಮೊದಲೇ ಮಾತ್ರೆ ಕೊಟ್ಟು, 30 ದಿನಕ್ಕಿಂತ ಹೆಚ್ಚು ಕಾಲ ರಕ್ತದಲ್ಲಿ ವೈರಸ್ ಕಾಣದಿದ್ದರೆ ಅದು ಹೊಸ ಲಿವರಿಗೆ ಮರಳುವುದು ಅಪರೂಪವೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಲಿವರ್ ತೀರ ಕುಸಿದವರಲ್ಲಿ ಮಾತ್ರೆ ಸರಿಯಾಗಿ ನಾಟುವುದಿಲ್ಲ. ಅಂಥವರಿಗೆ ಕಸಿ ಮುಗಿಸಿ ಆಮೇಲೆ ಕೊಡುವುದೇ ಲೇಸು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಈ ಮಾತ್ರೆಗಳನ್ನೂ ಟ್ಯಾಕ್ರೋಲಿಮಸ್ಸನ್ನೂ ರಕ್ತದಲ್ಲಿ ನಿಲ್ಲಗೊಡುವುದಿಲ್ಲ. ಕ್ಷಯ ಇನ್ನೂ ಸಾಮಾನ್ಯವಾಗಿರುವ ಈ ಸೀಮೆಯಲ್ಲಿ, ಕಸಿಯಾದವರು ಕೆಮ್ಮಿಗೆ ಯಾವ ದವಾಖಾನೆಗೆ ಹೋದರೂ ಮೊದಲು ಕಸಿಯ ವಿಷಯ ಹೇಳಲೇಬೇಕಾದದ್ದು ಇದಕ್ಕೇ. ವೈರಸ್ ಹೋದರೂ ಸಿರೋಸಿಸ್ ಆಗಿದ್ದ ಲಿವರಿಗೆ ಕ್ಯಾನ್ಸರಿನ ಅಪಾಯ ಉಳಿಯುತ್ತದೆ; ಆರು ತಿಂಗಳಿಗೊಮ್ಮೆ ಸ್ಕ್ಯಾನ್ ನಿಲ್ಲಿಸುವಂತಿಲ್ಲ. ಒಮ್ಮೆ ಗುಣವಾದವರಿಗೆ ಸೋಂಕು ಮತ್ತೆ ತಗುಲಬಹುದು. ಡಯಾಲಿಸಿಸ್‌ನಲ್ಲಿರುವವರಿಗೆ ಆ ಭಯ ಹೆಚ್ಚು. ಪ್ರತಿಕಾಯ ಪರೀಕ್ಷೆ ಗುಣವಾದ ಮೇಲೂ ಪಾಸಿಟಿವ್ ಎಂದೇ ಬರುವುದರಿಂದ, ವೈರಸ್ ನಿಜವಾಗಿ ಇದೆಯೇ ಎಂದು ತಿಳಿಯಲು ಆರ್‌ಎನ್‌ಎ ಪರೀಕ್ಷೆಯೇ ಆಗಬೇಕು.

ಕೇಂದ್ರ ಸರ್ಕಾರ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅದರಡಿ ಪರೀಕ್ಷೆಯೂ ಮಾತ್ರೆಗಳೂ ಉಚಿತ. ಸಿರೋಸಿಸ್ ಇಲ್ಲದವರಿಗೆ ದಿನಕ್ಕೊಮ್ಮೆಯ ಮಾತ್ರೆ, 12 ವಾರ. 2024ರಲ್ಲಿ ನಾರಾಯಣಪೇಟೆಗೂ ಗದ್ವಾಲಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದಿವೆ. ಇಷ್ಟಿದ್ದೂ ಸೋಂಕು ಇರುವ ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಅದಿದೆಯೆಂದೇ ಗೊತ್ತಿಲ್ಲ. ಕಸಿಯವರೆಗೆ ಹೋಗಿ ಅಲ್ಲಿ ವೈರಸ್ ಮರಳುವುದನ್ನು ತಡೆಯುವುದಕ್ಕಿಂತ, ಲಿವರ್ ಕೆಡುವ ಮೊದಲೇ ಅದನ್ನು ಹಿಡಿಯುವುದು ಸಾವಿರ ಪಾಲು ಸುಲಭ. 2001ಕ್ಕಿಂತ ಮೊದಲು ರಕ್ತ ಪಡೆದವರು, ಗಾಜಿನ ಸಿರಿಂಜಿನ ಕಾಲದಲ್ಲಿ ಪದೇ ಪದೇ ಸೂಜಿ ಮಾಡಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು ಹತ್ತಿರದ ಸರ್ಕಾರಿ ದವಾಖಾನೆಗೆ ಹೋಗಿ ಹೆಪಟೈಟಿಸ್ ಸಿ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಬೇಕು. ಮನೆಯಲ್ಲಿ ಅಂಥ ಹಿರಿಯರಿದ್ದರೆ ಅವರನ್ನು ಕರೆದುಕೊಂಡು ಹೋಗಬೇಕಾದವರು ಇದನ್ನು ಓದುತ್ತಿರುವವರೇ.